ಶಿಕ್ಷೆ ಮುಗಿಸಿದ ರೇಸರ್ ಮತ್ತು ಟ್ರ್ಯಾಕಿನ ಬಾಗಿಲು

ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗಿ ಶಿಕ್ಷೆಗೆ ಗುರಿಯಾದ ಬೈಕ್ ರೇಸರ್, ಆ ಶಿಕ್ಷೆ ಮುಗಿದ ಮೇಲೆ ಮತ್ತೆ ಸ್ಪರ್ಧೆಗೆ ಇಳಿಯಬಹುದೇ? ಪ್ರಶ್ನೆ ಎದ್ದ ಕೂಡಲೇ ಎರಡು ಉತ್ತರಗಳು ಬರುತ್ತವೆ. ಶಿಕ್ಷೆ ಅನುಭವಿಸಿ ಆಯಿತಲ್ಲ, ಇನ್ನೇನು ಬಾಕಿ ಎಂದು ಕೆಲವರು ಕೇಳುತ್ತಾರೆ. ಜೈಲು ಕಂಡವನಿಗೆ ಮೈದಾನದಲ್ಲಿ ಹಾರ ಹಾಕಬೇಕೇ ಎಂದು ಇನ್ನು ಕೆಲವರು ಕೇಳುತ್ತಾರೆ. ಮೊದಲನೆಯ ಉತ್ತರ ಸತ್ತವರನ್ನೂ ಗಾಯಗೊಂಡವರನ್ನೂ ಮರೆಯುತ್ತದೆ. ಎರಡನೆಯದು ಕಾನೂನು ವಿಧಿಸದ ಶಿಕ್ಷೆಯನ್ನು ಜನರ ಸಿಟ್ಟಿನ ಹೆಸರಿನಲ್ಲಿ ವಿಧಿಸುತ್ತದೆ. ನನ್ನ ವಾದ ಇಷ್ಟು: ಮರಳುವ ಬಾಗಿಲು ತೆರೆದಿರಬೇಕು. ಆದರೆ ಯಾವ ಅಪರಾಧ, ಅದಕ್ಕೂ ರೇಸಿಗೂ ಏನು ನಂಟು, ಎಷ್ಟು ಕಾಲ ಕಾಯಬೇಕು, ಯಾವ ಷರತ್ತಿಗೆ ಒಪ್ಪಬೇಕು ಎಂಬುದನ್ನೆಲ್ಲ ಮೊದಲೇ ಬರೆದಿಟ್ಟ ನಿಯಮ ಹೇಳಬೇಕು. ಆ ಹೊತ್ತಿನ ಕೂಗಾಟವಾಗಲಿ ಪ್ರಾಯೋಜಕರ ಲಾಭನಷ್ಟದ ಲೆಕ್ಕವಾಗಲಿ ಇದನ್ನು ತೀರ್ಮಾನಿಸಬಾರದು.

ಮೋಟಾರ್ ರೇಸಿನ ಪ್ರಶ್ನೆಯನ್ನು ಬೀದರ್ ಜಿಲ್ಲೆಯ ಮೆಹಕರದ ಕಡೆಯಿಂದ ನೋಡುವುದಕ್ಕೆ ಕಾರಣವಿದೆ. ಭಾಲ್ಕಿ ತಾಲ್ಲೂಕಿನ ಈ ಗಡಿ ಹೋಬಳಿಯಲ್ಲಾಗಲಿ, ಔರಾದಿನಲ್ಲಾಗಲಿ, ಬೀದರ್ ನಗರದಲ್ಲೇ ಆಗಲಿ ರೇಸಿಂಗ್ ಟ್ರ್ಯಾಕ್ ಇಲ್ಲ. ಬೆಂಗಳೂರು ಸುಮಾರು 700 ಕಿ.ಮೀ. ದೂರ. ದೇಶದ ಮುಖ್ಯ ಬೈಕ್ ರೇಸುಗಳು ನಡೆಯುವ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಮತ್ತು ಕೊಯಮತ್ತೂರಿನ ಕರಿ ಸ್ಪೀಡ್‌ವೇ ಅದಕ್ಕೂ ಆಚೆ. ಇಲ್ಲಿಯ ಹುಡುಗನಿಗೆ ವೇಗ ಮೊದಲು ಸಿಗುವುದು ಭಾಲ್ಕಿ–ಉದಗೀರ ರಸ್ತೆಯಲ್ಲಿ, ಔರಾದ–ದೇಗಲೂರು ರಸ್ತೆಯಲ್ಲಿ. ತೊಗರಿ, ಸೋಯಾ ಹೊಲಗಳ ನಡುವೆ ನೇರವಾಗಿ ಹೋಗುವ ಡಾಂಬರು ರಸ್ತೆ, ಸೈಲೆನ್ಸರ್ ಬದಲಿಸಿದ ಗಾಡಿ, ಬಿಚ್ಚಿಟ್ಟ ಕನ್ನಡಿ, ಮೇಲಕ್ಕೆ ಮಡಚಿದ ನಂಬರ್ ಪ್ಲೇಟ್. ಕಬ್ಬಿನ ಹಂಗಾಮಿನಲ್ಲಿ ಅದೇ ರಸ್ತೆಗೆ ಹಿಂದೀಪವಿಲ್ಲದ ಜೋಡಿ ಟ್ರಾಲಿಯ ಟ್ರ್ಯಾಕ್ಟರ್ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಇಲ್ಲವೇ 5,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಜೈಲು ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ರೇಸರ್ ಆಗಬಹುದಾಗಿದ್ದ ಹುಡುಗ ಇಲ್ಲಿ ಮೊದಲು ಆರೋಪಿಯಾಗುತ್ತಾನೆ. ಹಾಗಾಗಿ ಶಿಕ್ಷೆಯ ನಂತರ ಮರಳುವುದು ಹೇಗೆ ಎಂಬ ಪ್ರಶ್ನೆ ಹೆಸರು ಮಾಡಿದ ಆಟಗಾರರದಷ್ಟೇ ಆಗಿ ಉಳಿಯುವುದಿಲ್ಲ.

ವಾದಕ್ಕೆ ಮೊದಲು ಮೂರು ವಿಷಯಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು: ಪ್ರಕರಣ ದಾಖಲಾಗುವುದು, ಅಪರಾಧ ಸಾಬೀತಾಗುವುದು, ಕ್ರೀಡಾ ಸಂಸ್ಥೆ ನಿಷೇಧ ಹೇರುವುದು. ನಮ್ಮ ಚರ್ಚೆಯಲ್ಲಿ ಇವು ಸದಾ ಕಲಸಿಹೋಗುತ್ತವೆ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ರಾಷ್ಟ್ರೀಯ ರ‍್ಯಾಲಿಯೊಂದರಲ್ಲಿ ಗೌರವ್ ಗಿಲ್ ಅವರ ಕಾರು ಸ್ಪರ್ಧೆಯ ಮಾರ್ಗಕ್ಕೆ ಬಂದ ಬೈಕಿಗೆ ಬಡಿದು ಒಂದೇ ಕುಟುಂಬದ ಮೂವರು ಸತ್ತರು. ಚಾಲಕರ ಮೇಲೂ ಸಂಘಟಕರ ಮೇಲೂ ಪ್ರಕರಣ ದಾಖಲಾಯಿತು. ದುಃಖ ಎಷ್ಟೇ ದೊಡ್ಡದಿರಲಿ, ಪ್ರಕರಣ ದಾಖಲಾದದ್ದನ್ನು ಅಪರಾಧ ಸಾಬೀತಾದದ್ದೆಂದು ಓದುವಂತಿಲ್ಲ. ಇನ್ನೊಂದು ತುದಿಯಲ್ಲಿ ನವಜೋತ್ ಸಿಂಗ್ ಸಿಧು ಅವರ ಪ್ರಕರಣವಿದೆ. 1988ರ ಡಿಸೆಂಬರ್‌ನಲ್ಲಿ ಪಟಿಯಾಲದ ರಸ್ತೆಯಲ್ಲಿ ನಡೆದ ಜಗಳದಲ್ಲಿ ಹಿರಿಯರೊಬ್ಬರು ಸತ್ತರು. ವಿಚಾರಣಾ ನ್ಯಾಯಾಲಯ 1999ರಲ್ಲಿ ಖುಲಾಸೆ ಮಾಡಿತು, 2006ರಲ್ಲಿ ಹೈಕೋರ್ಟ್ ಶಿಕ್ಷೆ ಕೊಟ್ಟಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 1,000 ರೂಪಾಯಿ ದಂಡಕ್ಕೆ ಇಳಿಸಿತು, 2022ರ ಮೇ ತಿಂಗಳಲ್ಲಿ ಮರುಪರಿಶೀಲನೆ ನಡೆಸಿ ಒಂದು ವರ್ಷದ ಕಠಿಣ ಸಜೆ ವಿಧಿಸಿತು. ಈ ನಡುವೆ ಅವರು ಭಾರತ ತಂಡದ ಆರಂಭಿಕ ಬ್ಯಾಟರ್ ಆಗಿ ಒಂದು ದಶಕ ಆಡಿ ನಿವೃತ್ತರಾಗಿದ್ದರು. ಘಟನೆಗೂ ಜೈಲಿಗೂ ನಡುವೆ 33 ವರ್ಷ ಕಳೆಯಿತು. ರೇಸರ್‌ನ ಉತ್ತಮ ವರ್ಷಗಳು ಹತ್ತೋ ಹದಿನೈದೋ ಮಾತ್ರ. ಇಷ್ಟು ನಿಧಾನವಾದ ನ್ಯಾಯವ್ಯವಸ್ಥೆಯಲ್ಲಿ ಅಂತಿಮ ತೀರ್ಪು ಬರಲಿ ಎಂದು ಕ್ರೀಡಾ ಸಂಸ್ಥೆ ಸುಮ್ಮನೆ ಕೂತರೆ ತಪ್ಪು ಮಾಡಿದವನು ಆಡಿ ಮುಗಿಸುತ್ತಾನೆ. ಆರೋಪ ಬಂದ ದಿನವೇ ಹೊರಗೆ ಹಾಕಿದರೆ ನಿರಪರಾಧಿಯ ಬದುಕು ಮುಗಿಯುತ್ತದೆ.

ಕಾನೂನು ಏನು ಹೇಳುತ್ತದೆ? ಶಿಕ್ಷೆಗೊಳಗಾದವನು ಆಟ ಆಡಬಾರದು ಎನ್ನುವ ಕಾಯ್ದೆ ಭಾರತದಲ್ಲಿ ಇಲ್ಲ. ಅನರ್ಹತೆ ಇರಬೇಕೆಂದು ಬಯಸಿದ ಕಡೆ ಶಾಸನ ಅದನ್ನು ಬಿಡಿಸಿ ಹೇಳಿದೆ, ಅವಧಿಯನ್ನೂ ನಿಗದಿ ಮಾಡಿದೆ. ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಕಲಂ ಪ್ರಕಾರ ಎರಡು ವರ್ಷ ಅಥವಾ ಹೆಚ್ಚಿನ ಸಜೆಯಾದವರು ಬಿಡುಗಡೆಯಾದ ಮೇಲೆ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಏಳನೆಯ ವರ್ಷ ನಿಲ್ಲಬಹುದು. ಕಾನೂನು ರಚಿಸುವ ಸದನಕ್ಕೇ ಮರಳಲು ಅವಧಿ ಗೊತ್ತುಮಾಡಿರುವ ದೇಶದಲ್ಲಿ ರೇಸ್ ಟ್ರ್ಯಾಕಿಗೆ ಮರಳುವವನಿಗೆ ಮಾತ್ರ ಜೀವಾವಧಿ ತಡೆ ಹಾಕುವುದಕ್ಕೆ ಯಾವ ಸಮರ್ಥನೆಯೂ ಕಾಣುವುದಿಲ್ಲ. 1958ರ ಪರಿವೀಕ್ಷಣಾ ಕಾಯ್ದೆಯಡಿ ಜೈಲಿಗೆ ಕಳಿಸದೆ ಸನ್ನಡತೆಯ ಮೇಲೆ ಬಿಟ್ಟವನಿಗೆ ಶಿಕ್ಷೆಯಿಂದ ಬರುವ ಅನರ್ಹತೆಗಳು ತಟ್ಟುವುದಿಲ್ಲ ಎಂದು ಅದರ 12ನೇ ಕಲಂ ಹೇಳುತ್ತದೆ. 2015ರ ಬಾಲ ನ್ಯಾಯ ಕಾಯ್ದೆ ಇನ್ನೂ ಮುಂದೆ ಹೋಗಿ, ಕಾನೂನಿನ ಸಂಘರ್ಷಕ್ಕೊಳಗಾದ ಮಗುವಿಗೆ ಹೊಸದಾಗಿ ಬದುಕು ಆರಂಭಿಸುವ ತತ್ವವನ್ನೇ ಬರೆದಿಟ್ಟಿದೆ. ಬಹುಪಾಲು ಪ್ರಕರಣಗಳಲ್ಲಿ ಹಳೆಯ ದಾಖಲೆ ಅವನನ್ನು ಹಿಂಬಾಲಿಸಬಾರದು ಎನ್ನುತ್ತದೆ. ಬ್ರಿಟನ್ನಿನಲ್ಲಿ ಸಣ್ಣಪುಟ್ಟ ಶಿಕ್ಷೆಗಳು ಇಂತಿಷ್ಟು ವರ್ಷಕ್ಕೆ ಸವೆದುಹೋದಂತೆ ಎಣಿಸುವ ಕಾಯ್ದೆ 1974ರಿಂದಲೂ ಇದೆ. ವಯಸ್ಕರೆಲ್ಲರಿಗೂ ಅನ್ವಯಿಸುವಂಥ ಕಾಯ್ದೆ ನಮ್ಮಲ್ಲಿ ಇಲ್ಲ. ಆದರೂ ಶಿಕ್ಷೆಗೆ ಕೊನೆ ಇರಬೇಕೆಂಬ ದಿಕ್ಕಿನಲ್ಲೇ ನಮ್ಮ ಶಾಸನಗಳೂ ಸಾಗಿವೆ.

ಕಾನೂನು ಬಾಗಿಲು ಮುಚ್ಚಿಲ್ಲ ಎಂದ ಮಾತ್ರಕ್ಕೆ ದಾರಿ ಸಲೀಸು ಎಂದುಕೊಳ್ಳಬಾರದು. ದೇಶದಲ್ಲಿ ಸ್ಪರ್ಧಿಸಲು ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಕೊಡುವ ಸ್ಪರ್ಧಾ ಪರವಾನಗಿ ಬೇಕು. ಸರ್ಕ್ಯೂಟ್ ರೇಸ್ ನಡೆಯುವುದು ಮುಚ್ಚಿದ ಟ್ರ್ಯಾಕಿನಲ್ಲಿ. ರ‍್ಯಾಲಿ ಹಾಗಲ್ಲ. ಒಂದು ಹಂತದಿಂದ ಇನ್ನೊಂದಕ್ಕೆ ಸವಾರ ಜನಸಾಮಾನ್ಯರ ಜೊತೆ ಸಾರ್ವಜನಿಕ ರಸ್ತೆಯಲ್ಲೇ ಹೋಗಬೇಕು, ಅದಕ್ಕೆ ಊರ್ಜಿತ ಚಾಲನಾ ಪರವಾನಗಿ ಇರಲೇಬೇಕು. ಅಪಾಯಕಾರಿ ಚಾಲನೆಗಾಗಿ ನ್ಯಾಯಾಲಯ ಅದನ್ನು ಅನರ್ಹಗೊಳಿಸಿದ್ದರೆ ರ‍್ಯಾಲಿಯ ದಾರಿ ಅಲ್ಲಿಗೆ ನಿಲ್ಲುತ್ತದೆ. 2015ರಲ್ಲಿ ಡಕಾರ್ ರ‍್ಯಾಲಿ ಪೂರ್ಣಗೊಳಿಸಿದ ಮೊದಲ ಭಾರತೀಯರಾದ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರಂತೆ, 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಅವರಂತೆ ಹೊರದೇಶದಲ್ಲಿ ಓಡಿಸಬೇಕೆಂದರೆ ಪಾಸ್‌ಪೋರ್ಟ್ ಬೇಕು. ನೈತಿಕ ಅಧಃಪತನದ ಅಪರಾಧಕ್ಕೆ ಕನಿಷ್ಠ ಎರಡು ವರ್ಷದ ಸಜೆಯಾಗಿ ಐದು ವರ್ಷ ಕಳೆದಿರದಿದ್ದರೆ ಪಾಸ್‌ಪೋರ್ಟ್ ನಿರಾಕರಿಸಲು 1967ರ ಕಾಯ್ದೆಯಲ್ಲಿ ಅವಕಾಶವಿದೆ. ಪ್ರಕರಣ ಬಾಕಿ ಇದ್ದರೂ ನಿರಾಕರಿಸಬಹುದು. ಆಗ ನ್ಯಾಯಾಲಯದ ಅನುಮತಿ ತರಬೇಕು. ವೀಸಾ ಇನ್ನೊಂದು ಗೋಡೆ. ನೇಪಾಳದ ಕ್ರಿಕೆಟಿಗ ಸಂದೀಪ್ ಲಾಮಿಛಾನೆ 2024ರ ಮೇ ತಿಂಗಳಲ್ಲಿ ಮೇಲ್ಮನವಿಯಲ್ಲಿ ಖುಲಾಸೆಯಾದ ಮೇಲೂ ಅಮೆರಿಕ ವೀಸಾ ಕೊಡಲಿಲ್ಲ. ಟಿ–20 ವಿಶ್ವಕಪ್‌ನ ವೆಸ್ಟ್ ಇಂಡೀಸ್ ಪಂದ್ಯಗಳಿಗಷ್ಟೇ ಅವರು ತಂಡ ಸೇರಿದರು.

ಮೋಟಾರ್ ಕ್ರೀಡೆಯಲ್ಲಿ ಶಿಕ್ಷೆ ಮುಗಿಸಿ ಮರಳಿದವರ ಇತಿಹಾಸ ಹೊಸದಲ್ಲ. 1991ರ ಜೂನ್‌ನಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದ ಬರ್ಟ್ರಾಂಡ್ ಗಾಶೊ ಅದೇ ಆಗಸ್ಟ್‌ನಲ್ಲಿ ಲಂಡನ್ನಿನ ಜೈಲು ಸೇರಿದ. ಟ್ಯಾಕ್ಸಿ ಚಾಲಕನೊಬ್ಬನ ಮುಖಕ್ಕೆ ಅಶ್ರುವಾಯು ಸಿಂಪಡಿಸಿದ್ದಕ್ಕೆ ವಿಧಿಸಿದ್ದ 18 ತಿಂಗಳ ಸಜೆ ಮೇಲ್ಮನವಿಯಲ್ಲಿ ಕಡಿಮೆಯಾಗಿ, ಸುಮಾರು ಎರಡು ತಿಂಗಳಿಗೆ ಬಿಡುಗಡೆಯಾಯಿತು. ಅವನ ಜಾಗ ಖಾಲಿಯಾದಾಗ ಜೋರ್ಡಾನ್ ತಂಡ ಬೆಲ್ಜಿಯಂ ರೇಸಿಗೆ ಕರೆತಂದ ಹೊಸಬನೇ ಮೈಕೆಲ್ ಶುಮಾಕರ್. ಗಾಶೊ ಆಮೇಲೆ ಬೇರೆ ತಂಡದಲ್ಲಿ ಫಾರ್ಮುಲಾ ಒನ್‌ಗೆ ಮರಳಿದ. ಕಳೆದುಕೊಂಡ ಜಾಗವನ್ನು ಮಾತ್ರ ಯಾರೂ ತಿರುಗಿ ಕೊಡಲಿಲ್ಲ. ಅಮೆರಿಕದ ಜಾನ್ ಪಾಲ್ ಜೂನಿಯರ್‌ನದು ಇನ್ನೂ ದೀರ್ಘ ದಾರಿ. ತಂದೆಯ ಮಾದಕ ದ್ರವ್ಯ ಸಾಗಣೆಯ ಜಾಲದಲ್ಲಿ ಭಾಗಿಯಾಗಿದ್ದಕ್ಕೆ 1986ರಲ್ಲಿ ಐದು ವರ್ಷದ ಸಜೆಯಾಯಿತು, 1988ರಲ್ಲಿ ಬಿಡುಗಡೆಯಾದ, ಮತ್ತೆ ಚಕ್ರ ಹಿಡಿದ, 1998ರಲ್ಲಿ ಟೆಕ್ಸಾಸ್‌ನಲ್ಲಿ ಇಂಡಿ ರೇಸ್ ಗೆದ್ದ. ಜೈಲಿನಿಂದ ಆ ಗೆಲುವಿಗೆ ಹತ್ತು ವರ್ಷ ಹಿಡಿಯಿತು. ಈ ಎರಡೂ ಅಪರಾಧಗಳು ನಡೆದದ್ದು ಟ್ರ್ಯಾಕಿನ ಹೊರಗೆ. ಅವರು ಮರಳಿದ್ದರಿಂದ ಉಳಿದ ಚಾಲಕರ ಜೀವಕ್ಕೆ ಹೊಸ ಅಪಾಯ ಹುಟ್ಟಲಿಲ್ಲ. ಮುಂದೆ ಹೇಳಲಿರುವ ಅಳತೆಗೋಲಿನ ಬೇರು ಇಲ್ಲಿದೆ.

ಬೈಕ್ ರೇಸಿನಲ್ಲೇ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಸಿಗುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಮಿಸಾನೊ ಟ್ರ್ಯಾಕಿನಲ್ಲಿ ಮೋಟೊ–2 ರೇಸ್ ನಡೆಯುತ್ತಿದ್ದಾಗ ರೊಮಾನೊ ಫೆನಾಟಿ ಪಕ್ಕದಲ್ಲಿದ್ದ ಸ್ಟೆಫಾನೊ ಮಾನ್ಜಿಯ ಬೈಕಿನ ಮುಂಬ್ರೇಕಿನ ಲಿವರ್‌ಗೆ ಕೈ ಚಾಚಿ ಹಿಡಿದ. ವೇಗ ಗಂಟೆಗೆ 200 ಕಿ.ಮೀ. ದಾಟಿತ್ತು. ಆ ಲಿವರ್ ಎಂಥದ್ದು ಎಂದು ಅರಿತರೆ ಕೃತ್ಯದ ತೂಕ ತಿಳಿಯುತ್ತದೆ. ರೇಸ್ ಬೈಕಿನಲ್ಲಿ ಬಹುಪಾಲು ತಡೆಯುವ ಶಕ್ತಿ ಮುಂದಿನ ಚಕ್ರದ್ದು. ಸವಾರ ಅದನ್ನು ಒಂದೋ ಎರಡೋ ಬೆರಳಿನಿಂದ ಅಳೆದು ಒತ್ತುತ್ತಾನೆ. ಒತ್ತಡ ಒಮ್ಮೆಲೇ ಏರಿದರೆ ಮುಂದಿನ ಚಕ್ರ ಸೆರೆಯಾಗಿ ಸವಾರ ಹ್ಯಾಂಡಲ್ ದಾಟಿ ಎಸೆಯಲ್ಪಡುತ್ತಾನೆ. ಇನ್ನೊಂದು ಬೈಕ್ ಅಕಸ್ಮಾತ್ ತಗುಲೀತೆಂದು ಲಿವರ್‌ನ ಹೊರತುದಿಗೆ ಕಾವಲು ಪಟ್ಟಿ ಅಳವಡಿಸಿರುತ್ತಾರೆ. ಆ ಕಾವಲನ್ನು ದಾಟಿ ಮನುಷ್ಯನ ಕೈ ಬಂದಿತ್ತು. ಮಾನ್ಜಿ ಬೀಳಲಿಲ್ಲ. ಮೊದಲು ಎರಡು ರೇಸ್‌ಗಳ ನಿಷೇಧವಾಯಿತು, ತಂಡ ಫೆನಾಟಿಯನ್ನು ಕೈಬಿಟ್ಟಿತು, ಆ ವರ್ಷದ ಕೊನೆಯವರೆಗೆ ಅವನ ಪರವಾನಗಿ ಹಿಂದಕ್ಕೆ ಹೋಯಿತು. 2019ರಲ್ಲಿ ಕೈಬಿಟ್ಟ ತಂಡವೇ ಅವನನ್ನು ಕೆಳಗಿನ ಮೋಟೊ–3 ದರ್ಜೆಗೆ ಕರೆದುಕೊಂಡಿತು. ಆಗಸ್ಟ್‌ನಲ್ಲಿ ಅವನು ಆಸ್ಟ್ರಿಯಾದ ರೇಸ್ ಗೆದ್ದ. ನ್ಯಾಯಾಲಯ ಅವನನ್ನು ಅಪರಾಧಿ ಎಂದು ಘೋಷಿಸಿರಲಿಲ್ಲ ನಿಜ. ಆದರೆ ಇಲ್ಲಿ ತಪ್ಪು ನಡೆದದ್ದು ಆಟದ ಒಳಗೆ, ಬಲಿಯಾಗಬಹುದಾಗಿದ್ದವನು ಸಹಸವಾರ. ಗಾಶೊ ಪ್ರಕರಣಕ್ಕಿಂತ ಇದು ಟ್ರ್ಯಾಕಿನ ಮಟ್ಟಿಗೆ ಹೆಚ್ಚು ಗಂಭೀರ. ಆದರೂ ಮರಳಿದ್ದು ಕೆಲವೇ ತಿಂಗಳಲ್ಲಿ. ಇದೇ ಕಾಲದಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಬೈಕ್ ಸವಾರ ಆಂಡ್ರಿಯಾ ಇಯಾನೊನೆಗೆ ಮೊದಲು 18 ತಿಂಗಳು, ಕ್ರೀಡಾ ಪಂಚಾಯ್ತಿ ನ್ಯಾಯಾಲಯದ ಮೇಲ್ಮನವಿಯಲ್ಲಿ ನಾಲ್ಕು ವರ್ಷದ ನಿಷೇಧವಾಯಿತು. 2024ರಲ್ಲಿ ಸೂಪರ್‌ಬೈಕ್ ವಿಶ್ವ ಸರಣಿಗೆ ಮರಳಿ ಆ ವರ್ಷವೇ ಅರಗಾನ್‌ನಲ್ಲಿ ಗೆದ್ದ. ಸಹಸವಾರನ ಪ್ರಾಣಕ್ಕೆ ಕೈಹಾಕಿದ್ದಕ್ಕೆ ತಿಂಗಳುಗಳು, ದೇಹದಲ್ಲಿ ನಿಷೇಧಿತ ಪದಾರ್ಥ ಸಿಕ್ಕಿದ್ದಕ್ಕೆ ನಾಲ್ಕು ವರ್ಷ. ಮದ್ದಿಗೆ ವಿವರವಾದ ಸಂಹಿತೆ ಇತ್ತು, ಹಿಂಸೆಗೆ ಇರಲಿಲ್ಲ. ನಿಯಮ ಬರೆಯದ ಕಡೆ ತೂಕ ಹೀಗೆ ತಪ್ಪುತ್ತದೆ.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆ ಸ್ಪಷ್ಟವಾಗಿ ಎದುರಾದದ್ದು ಕ್ರಿಕೆಟ್‌ನಲ್ಲಿ. ಕರ್ನಾಟಕ ಪ್ರೀಮಿಯರ್ ಲೀಗ್‌ನ ಮೋಸದಾಟದ ಆರೋಪದಲ್ಲಿ ಬಳ್ಳಾರಿ ಟಸ್ಕರ್ಸ್ ಪರ ಆಡಿದ್ದ ಸಿ.ಎಂ. ಗೌತಮ್ ಮತ್ತು ಅಬ್ರಾರ್ ಕಾಜಿ ಅವರನ್ನು ಬೆಂಗಳೂರಿನ ಸಿಸಿಬಿ ಪೊಲೀಸರು 2019ರ ನವೆಂಬರ್‌ನಲ್ಲಿ ಬಂಧಿಸಿದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ವಂಚನೆಯ ಆರೋಪವನ್ನು ರದ್ದುಪಡಿಸಿತು. ಆಟಗಾರ ಮೋಸದಾಟ ಆಡಿದರೆ ಅದು ಅವನ ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ತೋರಿಸಬಹುದು, ಕ್ರಮ ಕೈಗೊಳ್ಳಬೇಕಾದದ್ದು ಬಿಸಿಸಿಐ, ಅದು ದಂಡ ಸಂಹಿತೆಯ 420ನೇ ಕಲಮಿನ ಅಪರಾಧವಾಗುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ಆ ಇಬ್ಬರ ಮೇಲೆ ಅಪರಾಧ ಸಾಬೀತಾಗಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ತೀರ್ಪಿನಿಂದ ಕಲಿಯಬೇಕಾದದ್ದು ಇದೆ. ಅಪರಾಧ ಕಾನೂನಿನ ತಕ್ಕಡಿ ಬೇರೆ, ಕ್ರೀಡಾಶಿಸ್ತಿನ ತಕ್ಕಡಿ ಬೇರೆ. ನ್ಯಾಯಾಲಯದಲ್ಲಿ ಗೆದ್ದವನನ್ನು ಕ್ರೀಡಾ ಸಂಸ್ಥೆ ತಡೆಯಬಹುದು. ನ್ಯಾಯಾಲಯದಲ್ಲಿ ಸೋತವನಿಗೂ ಅದೇ ಸಂಸ್ಥೆ ಅವಕಾಶ ಕೊಡಬಹುದು. ಎರಡು ಸಂದರ್ಭದಲ್ಲೂ ಕಾರಣ ಬರೆದು ತೋರಿಸುವ ಹೊಣೆ ಸಂಸ್ಥೆಯದು.

ಕ್ರೀಡಾ ಸಂಸ್ಥೆ ಹೇರಿದ ಜೀವಾವಧಿ ನಿಷೇಧಗಳು ನ್ಯಾಯಾಲಯದ ಮುಂದೆ ನಿಲ್ಲಲಿಲ್ಲ ಎಂಬುದಕ್ಕೂ ಸಾಕ್ಷ್ಯವಿದೆ. ಮೋಸದಾಟದ ಆರೋಪದಲ್ಲಿ ಕ್ರಿಕೆಟಿಗ ಮೊಹಮ್ಮದ್ ಅಜರುದ್ದೀನ್ ಮೇಲೆ ಬಿಸಿಸಿಐ 2000ರ ಡಿಸೆಂಬರ್‌ನಲ್ಲಿ ಹೇರಿದ ನಿಷೇಧ ಕಾನೂನುಬಾಹಿರ ಎಂದು ಆಂಧ್ರಪ್ರದೇಶ ಹೈಕೋರ್ಟ್ ಹೇಳಿದ್ದು 2012ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಅವರಿಗೆ ಆಡುವ ವಯಸ್ಸು ಕಳೆದಿತ್ತು. ಎಸ್. ಶ್ರೀಶಾಂತ್ ಅಂಥದ್ದೇ ಆರೋಪದಲ್ಲಿ 2013ರಲ್ಲಿ ಬಂಧಿತರಾದರು, 2015ರಲ್ಲಿ ದೆಹಲಿಯ ವಿಚಾರಣಾ ನ್ಯಾಯಾಲಯ ಆರೋಪದಿಂದ ಬಿಡುಗಡೆ ಮಾಡಿತು, ನಿಷೇಧ ಮಾತ್ರ ಉಳಿಯಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ನಿಷೇಧವನ್ನು ಬದಿಗಿಟ್ಟು ಶಿಕ್ಷೆಯ ಪ್ರಮಾಣವನ್ನು ಮರುಪರಿಶೀಲಿಸಲು ಸೂಚಿಸಿತು. ಅದು ಏಳು ವರ್ಷಕ್ಕೆ ಇಳಿದು 2020ರ ಸೆಪ್ಟೆಂಬರ್‌ಗೆ ಮುಗಿಯಿತು. 2021ರ ಜನವರಿಯಲ್ಲಿ ಅವರು ಕೇರಳಕ್ಕೆ ಆಡಿದರು. ಪಾಕಿಸ್ತಾನದ ಮೊಹಮ್ಮದ್ ಅಮೀರ್ ಮೋಸದಾಟಕ್ಕಾಗಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾಗಿ ಜೈಲು ಕಂಡವನು. ಐದು ವರ್ಷದ ನಿಷೇಧ ಮುಗಿಸಿ 2016ರಲ್ಲಿ ಮರಳಿದ. 2017ರ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಭಾರತದ ಮೊದಲ ಮೂವರು ಬ್ಯಾಟರ್‌ಗಳನ್ನು ಅವನೇ ಔಟ್ ಮಾಡಿದ್ದು ಇಲ್ಲಿಯ ಓದುಗರಿಗೆ ನೆನಪಿರುತ್ತದೆ. ಅದೇ ಪ್ರಕರಣದಲ್ಲಿ ಶಿಕ್ಷೆಯಾದ ಹಿರಿಯರಿಬ್ಬರು ರಾಷ್ಟ್ರೀಯ ತಂಡಕ್ಕೆ ಮರಳಲಿಲ್ಲ. ತಪ್ಪು ಮಾಡಿದಾಗ ಅಮೀರ್‌ಗೆ 18 ವರ್ಷ. ನ್ಯಾಯಾಲಯದಲ್ಲಿ ತಪ್ಪು ಒಪ್ಪಿಕೊಂಡಿದ್ದ. ನಮ್ಮದೇ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಎರಡು ವರ್ಷದ ನಿಷೇಧ ಮುಗಿಸಿ ಮತ್ತೆ ಓಡಿದರು. ಅದು ಅಪರಾಧ ಪ್ರಕರಣವಲ್ಲ. ಆದರೂ ಅವಧಿ ನಿಗದಿಯಾಗಿದ್ದರೆ ಆಟಗಾರರಿಗೂ ಜನರಿಗೂ ಮುಂದಿನ ದಾರಿ ಕಾಣುತ್ತದೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಈ ಎಲ್ಲ ಸಾಕ್ಷ್ಯವನ್ನು ಒಟ್ಟಿಗೆ ಇಟ್ಟರೆ ಮರಳುವಿಕೆಗೆ ಅಳತೆಗೋಲು ಹೊಳೆಯುತ್ತದೆ: ಅಪರಾಧಕ್ಕೂ ಆಟಕ್ಕೂ ಇರುವ ನಂಟು. ಇದರಲ್ಲಿ ನಾಲ್ಕು ಬಗೆ ಕಾಣುತ್ತವೆ. ಒಂದು, ವಾಹನದ ವೇಗದಿಂದಲೇ ನಡೆದ ಅಪರಾಧ: ರಸ್ತೆ ರೇಸ್, ಕುಡಿದು ಚಾಲನೆ, ನಿರ್ಲಕ್ಷ್ಯದಿಂದ ಸಾವು. ರೇಸರ್‌ಗೆ ಇದು ಅತಿ ಹತ್ತಿರದ ನಂಟು, ಏಕೆಂದರೆ ಅವನ ವಿದ್ಯೆಯೇ ಇಲ್ಲಿ ಆಯುಧವಾಗಿದೆ. ಎರಡು, ಸ್ಪರ್ಧೆಯ ಪ್ರಾಮಾಣಿಕತೆ ಕೆಡಿಸುವ ಅಪರಾಧ: ಬಾಜಿ, ಮದ್ದು, ನಕಲಿ ದಾಖಲೆ. ಮೂರು, ದೇಹದ ಮೇಲಿನ ಹಿಂಸೆ ಮತ್ತು ಲೈಂಗಿಕ ಅಪರಾಧ. ಹದಿಮೂರು ಹದಿನಾಲ್ಕರ ಮಕ್ಕಳೂ ಅಭ್ಯಾಸ ಮಾಡುವ ಗ್ಯಾರೇಜು, ಪ್ಯಾಡಕ್‌ಗಳಲ್ಲಿ ಇದರ ಅಪಾಯ ದೊಡ್ಡದು. ನಾಲ್ಕು, ಆಟಕ್ಕೆ ಸಂಬಂಧವೇ ಇಲ್ಲದ್ದು: ಚೆಕ್ ಬೌನ್ಸ್, ಬದುವಿನ ಜಗಳ, ಚಳವಳಿಯ ವೇಳೆ ಹಾಕಿಸಿಕೊಂಡ ಕೇಸು. ನಾಲ್ಕನೆಯ ಬಗೆಗೆ ನ್ಯಾಯಾಲಯದ ಶಿಕ್ಷೆ ಸಾಕು, ಕ್ರೀಡಾ ಸಂಸ್ಥೆ ಅದರ ಮೇಲೆ ಇನ್ನೊಂದು ಹೇರಬಾರದು. ಮೊದಲ ಎರಡಕ್ಕೆ ನಿಗದಿತ ಕಾಯುವ ಅವಧಿ, ಮರುತರಬೇತಿ, ನಿಗಾ ಬೇಕು. ಮೂರನೆಯದರಲ್ಲಿ ಸವಾರನಾಗಿ ಮರಳಬಹುದಾದ ಸಂದರ್ಭದಲ್ಲೂ ತರಬೇತುದಾರನಾಗಿ, ಮಕ್ಕಳ ಮಾರ್ಗದರ್ಶಿಯಾಗಿ ಮರಳುವಂತಿರಬಾರದು. ಸ್ಪರ್ಧಿಸುವುದು ಒಬ್ಬನ ದುಡಿಮೆ. ಮಕ್ಕಳ ಮೇಲಿನ ಅಧಿಕಾರ ಯಾರ ಹಕ್ಕೂ ಅಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ, ಆಟಗಾರ ಯುವಕರಿಗೆ ಮಾದರಿ ಎಂಬುದು. ಹುಡುಗರು ಗೋಡೆಗೆ ಚಿತ್ರ ಅಂಟಿಸಿಕೊಂಡವನೇ ಶಿಕ್ಷೆಗೊಳಗಾದವನಾದರೆ ಅವರು ಏನು ಕಲಿಯುತ್ತಾರೆ ಎಂದು ಕೇಳುವವರ ಆತಂಕ ಸುಳ್ಳಲ್ಲ. ಆದರೆ ಇದರಲ್ಲಿ ಸ್ಪರ್ಧಿಸುವುದೂ ಸನ್ಮಾನವೂ ಒಂದೇ ಎಂಬ ಎಣಿಕೆ ಅಡಗಿದೆ. ಎರಡನ್ನೂ ಬಿಡಿಸಬಹುದು. ಪರವಾನಗಿ ಕೊಟ್ಟು ಟ್ರ್ಯಾಕಿಗೆ ಇಳಿಸುವುದು ಬೇರೆ. ಸರ್ಕಾರಿ ಪ್ರಶಸ್ತಿ, ರಾಯಭಾರಿ ಪಟ್ಟ, ಜಿಲ್ಲಾ ಉತ್ಸವದ ವೇದಿಕೆ ಬೇರೆ. ಮೊದಲನೆಯದು ಶಿಕ್ಷೆ ಮುಗಿದವನ ಬದುಕಿನ ಪ್ರಶ್ನೆ, ಎರಡನೆಯದು ಸಮಾಜ ತನ್ನ ಇಷ್ಟದಂತೆ ಕೊಡುವ ಮರ್ಯಾದೆ. ಶಿಕ್ಷೆ ಮುಗಿಸಿದವನು ಮತ್ತೆಂದೂ ಮೇಲೇಳಲಾರ ಎಂದು ತೋರಿಸುವುದಕ್ಕಿಂತ, ಕಾದು, ಒಪ್ಪಿಕೊಂಡು, ತಿದ್ದಿಕೊಂಡು ಕೆಳಗಿನ ದರ್ಜೆಯಿಂದ ಏರಿ ಬಂದವನನ್ನು ತೋರಿಸುವುದರಿಂದ ಹುಡುಗರು ಕಲಿಯುವುದು ಹೆಚ್ಚು. ಈ ನೆಲಕ್ಕೆ ಇದು ಹೊರಗಿನ ಪಾಠವೂ ಅಲ್ಲ. ಮೆಹಕರದಿಂದ ಬಹಳ ದೂರವಿಲ್ಲದ, ಈಗ ನಾಂದೇಡ ಜಿಲ್ಲೆಗೆ ಸೇರಿದ ಕಂಧಾರದಲ್ಲಿ ಕಳ್ಳನಾಗಿದ್ದ ಪೆದ್ದಿ ಉರಿಲಿಂಗದೇವರ ಶಿಷ್ಯನಾಗಿ ಮುಂದೆ ಆ ಮಠಕ್ಕೇ ಒಡೆಯನಾದ ಎಂದು ಶರಣ ಪರಂಪರೆ ಹೇಳುತ್ತದೆ. ಉರಿಲಿಂಗಪೆದ್ದಿಯನ್ನು ವಚನಕಾರನಾಗಿ ಪೂಜಿಸುವ ಜಿಲ್ಲೆಯ ಜನ ಬದಲಾದ ಮನುಷ್ಯನನ್ನು ಗುರುತಿಸಲಾರರು ಎಂದು ನಂಬುವುದು ಕಷ್ಟ.

ಎರಡನೆಯ ಆಕ್ಷೇಪ ಇನ್ನೂ ಭಾರವಾದದ್ದು. ರಸ್ತೆ ರೇಸಿನಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ, ಕೊಂದವನು ಮತ್ತೆ ಬೈಕ್ ಏರಿ ಕಪ್ಪು ಎತ್ತುವುದನ್ನು ನೋಡಬೇಕಾದರೆ ಏನನಿಸುತ್ತದೆ? ಈ ನೋವನ್ನು ಯಾವ ತರ್ಕವೂ ಅಳಿಸಲಾರದು, ಅಳಿಸಲು ಹೋಗಲೂಬಾರದು. ಹಾಗಾಗಿ ಮರಳುವ ನಿಯಮದಲ್ಲಿ ಬಲಿಯಾದವರ ಕುಟುಂಬಕ್ಕೆ ಮೊದಲ ಜಾಗ ಇರಬೇಕು. ನ್ಯಾಯಾಲಯವಾಗಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಾಗಲಿ ಆದೇಶಿಸಿದ ಪರಿಹಾರ ಪೂರ್ತಿ ಸಂದಾಯವಾಗದೆ ಅರ್ಜಿಯನ್ನೇ ತೆಗೆದುಕೊಳ್ಳಬಾರದು. ಕುಟುಂಬ ಬಯಸಿದರೆ ಅವರ ಮಾತನ್ನು ಸಮಿತಿ ಕೇಳಬೇಕು, ಅದು ದಾಖಲೆಯಲ್ಲಿ ಇರಬೇಕು. ಆದರೆ ಅಂತಿಮ ನಿರ್ಧಾರದ ಹೊರೆಯನ್ನು ಆ ತಾಯಿಯ ಮೇಲೆ ಹೊರಿಸಬಾರದು. ಕ್ಷಮಿಸು ಎಂದು ಊರಿನ ಪಂಚರು ಒತ್ತಾಯಿಸುವ, ಹಣ ಕೊಟ್ಟು ಬಾಯಿ ಮುಚ್ಚಿಸುವ ದಾರಿ ಅದರಿಂದ ತೆರೆದುಕೊಳ್ಳುತ್ತದೆ. ಶಿಕ್ಷೆಯ ಅಳತೆ ಕಾನೂನಿನದು, ಮರಳುವ ಅಳತೆ ನಿಯಮದ್ದು, ಕ್ಷಮೆ ಮಾತ್ರ ಆ ಕುಟುಂಬದ್ದು.

ಮೂರನೆಯ ಆಕ್ಷೇಪ ಸಹಸವಾರರ ಸುರಕ್ಷೆಯದು. ರೇಸ್ ಟ್ರ್ಯಾಕಿನಲ್ಲಿ ಹತ್ತಾರು ಬೈಕುಗಳು ಒಂದೇ ತಿರುವಿಗೆ ಒಟ್ಟಿಗೆ ನುಗ್ಗುತ್ತವೆ, ಮೊಣಕೈಗೆ ಮೊಣಕೈ ತಾಗುತ್ತದೆ. ಪಕ್ಕದವನು ತನ್ನ ಗೆರೆ ಬಿಡುವುದಿಲ್ಲ ಎಂಬ ನಂಬಿಕೆಯ ಮೇಲೆ ಆಟ ನಿಂತಿದೆ. ಆ ನಂಬಿಕೆ ಮುರಿದವನನ್ನು ಏಕೆ ಸೇರಿಸಬೇಕು? ಉತ್ತರ ಮೇಲಿನ ಅಳತೆಗೋಲಿನಲ್ಲೇ ಇದೆ. ಅಪಾಯ ತಂದೊಡ್ಡಿದ ಅಪರಾಧಕ್ಕೆ ಅವಧಿ ಅತಿ ಉದ್ದ, ಷರತ್ತು ಅತಿ ಬಿಗಿ. ಎಲ್ಲರ ಜೊತೆ ಗ್ರಿಡ್‌ಗೆ ಬರುವ ಮೊದಲು ಒಂಟಿಯಾಗಿ ಸಮಯಕ್ಕೆ ವಿರುದ್ಧ ಓಡಿಸುವ ಹಂತ, ಆಮೇಲೆ ಕೆಳದರ್ಜೆಯ ರೇಸ್, ಪ್ರತಿ ಹಂತದಲ್ಲೂ ಅಧಿಕಾರಿಗಳ ಲಿಖಿತ ವರದಿ. ಮುಚ್ಚಿದ ಟ್ರ್ಯಾಕಿನಲ್ಲಿ ಹೆಲ್ಮೆಟ್, ಚರ್ಮದ ಸೂಟು, ಬೈಕಿನ ತಾಂತ್ರಿಕ ತಪಾಸಣೆ, ಬಾವುಟ ಹಿಡಿದ ಮಾರ್ಷಲ್‌ಗಳು, ಆಂಬುಲೆನ್ಸ್ ಎಲ್ಲ ಇರುತ್ತವೆ. ವೇಗದ ಗೀಳು ಇರುವವನನ್ನು ಅಲ್ಲಿಂದ ಶಾಶ್ವತವಾಗಿ ಹೊರಹಾಕಿದರೆ ಅವನು ವೇಗ ಬಿಡುತ್ತಾನೆಂಬ ಖಾತ್ರಿ ಇಲ್ಲ. ಮತ್ತೆ ಉದಗೀರ ರಸ್ತೆಗೇ ಬಂದಾನು, ಅಲ್ಲಿ ಮಾರ್ಷಲ್ ಇರುವುದಿಲ್ಲ.

ಹೀಗೆ ಬಾಗಿಲು ತೆರೆದಿಟ್ಟರೆ ಕಾನೂನಿನ ಭಯ ಹೋಗುತ್ತದೆ ಎಂಬುದು ನಾಲ್ಕನೆಯ ಆಕ್ಷೇಪ. 2025ರ ಮೇ ತಿಂಗಳಲ್ಲಿ ಗಂಗಾವತಿಯ ವ್ಹೀಲಿಂಗ್ ಪ್ರಕರಣವೊಂದರಲ್ಲಿ ಜಾಮೀನು ನಿರಾಕರಿಸಿದ ಕರ್ನಾಟಕ ಹೈಕೋರ್ಟ್, ಈ ಪಿಡುಗಿಗೆ ಕಠಿಣ ಕಾನೂನು ಬೇಕು ಎಂದಿತು. ಹಿಂದೆ ನಿರ್ಲಕ್ಷ್ಯದಿಂದ ಆದ ಸಾವಿಗೆ ಎರಡು ವರ್ಷದವರೆಗೆ ಇದ್ದ ಸಜೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಡಿ ಐದು ವರ್ಷದವರೆಗೆ ಏರಿದೆ. ಅಪ್ರಾಪ್ತನಿಗೆ ಗಾಡಿ ಕೊಟ್ಟ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ಹುಡುಗನಿಗೆ 25 ತುಂಬುವವರೆಗೆ ಚಾಲನಾ ಪರವಾನಗಿ ಇಲ್ಲ. ಕಾನೂನು ಬಿಗಿಯಾಗಲಿ, ಅದು ಸರಿ. ಆದರೆ ಭಯ ಹುಟ್ಟಿಸುವುದು ನ್ಯಾಯಾಲಯದ ಕೆಲಸ, ಅದಕ್ಕೆ ಅದರ ಬಳಿ ಜೈಲೂ ದಂಡವೂ ಇವೆ. ಶಿಕ್ಷೆ ಕಳೆದ ಮೇಲೆ ಮನುಷ್ಯ ಮತ್ತೆ ತಪ್ಪು ಮಾಡದಂತೆ ಹಿಡಿದಿಡುವುದು ಅವನಿಗೆ ಕಳೆದುಕೊಳ್ಳಲು ಏನಾದರೂ ಇದ್ದಾಗ. ಷರತ್ತಿನ ಮೇಲೆ ಮರಳಿ ಸಿಕ್ಕ ಪರವಾನಗಿ ಅಂಥದ್ದೊಂದು. ಮುಂದೊಮ್ಮೆ ರಸ್ತೆಯಲ್ಲಿ ಸಿಕ್ಕಿಬಿದ್ದರೆ ಅದು ಶಾಶ್ವತವಾಗಿ ಹೋಗುತ್ತದೆ ಎಂದು ಗೊತ್ತಿರುವವನು ಕೈ ಬಿಗಿ ಹಿಡಿಯುತ್ತಾನೆ.

ಎಫ್‌ಎಂಎಸ್‌ಸಿಐ ತನ್ನ ನಿಯಮಾವಳಿಯಲ್ಲಿ ಇದಕ್ಕೊಂದು ಅಧ್ಯಾಯ ಬರೆದು ಕನ್ನಡ ಸೇರಿ ಎಲ್ಲ ಭಾಷೆಗಳಲ್ಲಿ ಪ್ರಕಟಿಸಬೇಕು. ಪ್ರಕರಣ ಬಾಕಿ ಇರುವಾಗ ಗಂಭೀರ ಆರೋಪಗಳಿಗೆ ಮಾತ್ರ ತಾತ್ಕಾಲಿಕ ಅಮಾನತು, ಅದಕ್ಕೆ ತಿಂಗಳುಗಳ ಮಿತಿ, ನಿಯತ ಪರಿಶೀಲನೆ. ಅಪರಾಧ ಸಾಬೀತಾದರೆ ನಾಲ್ಕು ಬಗೆಯಲ್ಲಿ ಯಾವುದೆಂದು ಗುರುತಿಸಿ ಅವಧಿ ನಿಗದಿ. ಮೇಲ್ಮನವಿಯಲ್ಲಿ ಖುಲಾಸೆಯಾದರೆ ಕೂಡಲೇ ಮರುಸ್ಥಾಪನೆ. ಸಮಿತಿಯಲ್ಲಿ ನಿವೃತ್ತ ನ್ಯಾಯಾಧೀಶರು, ಹಿರಿಯ ಸವಾರರು, ವೈದ್ಯರು. ತೀರ್ಮಾನಕ್ಕೆ ಬರೆದ ಕಾರಣ. ಕ್ರೀಡಾ ಸಂಸ್ಥೆ ಖಾಸಗಿಯಾದರೂ ಸಾರ್ವಜನಿಕ ಕೆಲಸ ಮಾಡುತ್ತಿದ್ದರೆ ಹೈಕೋರ್ಟ್ ಅದನ್ನು ಪ್ರಶ್ನಿಸಬಹುದು ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಬಿಸಿಸಿಐ ಕುರಿತ ಜೀ ಟೆಲಿಫಿಲ್ಮ್ಸ್ ಪ್ರಕರಣದಲ್ಲಿ ಹೇಳಿದೆ. ಕ್ರೀಡಾ ವಿವಾದಗಳಿಗೆಂದೇ ನ್ಯಾಯಮಂಡಳಿ ರಚಿಸುವ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ 2025ರಲ್ಲಿ ಬಂದಿದೆ. ನ್ಯಾಯಾಲಯ ಕೇಳುವ ಮೊದಲೇ ನಿಯಮ ಬರೆದುಕೊಳ್ಳುವುದು ಒಕ್ಕೂಟಕ್ಕೂ ಕ್ಷೇಮ.

ಬರೆದ ನಿಯಮ ಇಲ್ಲದಿದ್ದರೂ ಕೆಲವರು ಮರಳುತ್ತಾರೆ ಎಂಬುದನ್ನು ಮೇಲಿನ ಪ್ರಕರಣಗಳೇ ತೋರಿಸುತ್ತವೆ. ಶ್ರೀಶಾಂತ್ ಸುಪ್ರೀಂ ಕೋರ್ಟಿನವರೆಗೆ ಹೋಗಬಲ್ಲವರಾಗಿದ್ದರು, ಮೈದಾನಕ್ಕೆ ಮರಳದಿದ್ದರೂ ಅಜರುದ್ದೀನ್ ಹನ್ನೆರಡು ವರ್ಷ ಕಾದು ಹೋರಾಡಬಲ್ಲವರಾಗಿದ್ದರು, ಫೆನಾಟಿಗೆ ಕರೆದುಕೊಳ್ಳುವ ತಂಡವಿತ್ತು. ಭಾಲ್ಕಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದ ಮೆಹಕರದ ಹುಡುಗನಿಗೆ ವಕೀಲರ ಫೀಸಿಗೇ ಹಣವಿಲ್ಲ. ತಾನು ಪರವಾನಗಿಗೆ ಅರ್ಜಿ ಹಾಕಬಹುದೇ ಎಂದು ಹೇಳುವವರೂ ಹತ್ತಿರದಲ್ಲಿಲ್ಲ. ನಿಯಮ ಬರೆಯದಿದ್ದರೆ ಮರಳುವ ಅವಕಾಶ ಹೆಸರು, ಹಣ, ಹಿಂಬಲ ಇದ್ದವರ ಸೊತ್ತಾಗಿಯೇ ಉಳಿಯುತ್ತದೆ. ಜಿಲ್ಲಾಡಳಿತ ಮತ್ತು ಕ್ರೀಡಾ ಇಲಾಖೆ ಸೇರಿ ಬೀದರ್ ಜಿಲ್ಲೆಯ ಯಾವುದಾದರೂ ಪಾಳುಭೂಮಿಯಲ್ಲಿ ಮಣ್ಣಿನ ಟ್ರ್ಯಾಕ್ ಒಂದನ್ನು ಕಟ್ಟಿ, ವರ್ಷಕ್ಕೆರಡು ಬಾರಿ ಮಾನ್ಯತೆ ಪಡೆದ ಕ್ಲಬ್‌ನಿಂದ ರೇಸ್ ನಡೆಸಿ, ಮೊದಲ ಸಲ 189ನೇ ಕಲಮಿನಡಿ ಸಿಕ್ಕಿಬಿದ್ದವರಿಗೆ ಅಲ್ಲಿ ತರಬೇತಿಯ ದಾರಿ ತೋರಿಸಿದರೆ, ರಸ್ತೆ ಬಿಟ್ಟು ಟ್ರ್ಯಾಕಿಗೆ ಬರುವ ಮೊದಲ ಹೆಜ್ಜೆ ಅಲ್ಲೇ ಇಟ್ಟಂತಾಗುತ್ತದೆ. ಶಿಕ್ಷೆ ಮುಗಿಸಿದ ರೇಸರ್ ಮರಳಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಮರಳಬಹುದು, ಕಾದು, ಕೊಡಬೇಕಾದ ಪರಿಹಾರ ಕೊಟ್ಟು, ನಿಗಾಕ್ಕೆ ಒಪ್ಪಿ, ಕೆಳಗಿನ ಹಂತದಿಂದ. ಈ ಮಾತು ಹೆಸರಾಂತನಿಗೂ ಹೆಸರಿಲ್ಲದವನಿಗೂ ಒಂದೇ ಪುಟದಲ್ಲಿ, ಒಂದೇ ಅಕ್ಷರದಲ್ಲಿ ಬರೆದಿರಬೇಕು.